ಹಪ್ಪಳದ ಪುಟ್ಟಿಯಲ್ಲಿರುವ ಸಿಲೋನು

ನಮ್ಮ ಮನೆಯಲ್ಲಿ ಒಂದು ದ್ವೀಪವಿದೆ. ಅದರಲ್ಲಿ ಹಪ್ಪಳ ಇಡುತ್ತೇವೆ.

ತಮಾಷೆ ಎಂದುಕೊಳ್ಳಬೇಡಿ. ನಾನು ತಮಾಷೆಯ ಹೆಂಗಸಲ್ಲ ಎಂದು ನನ್ನ ಕೈಯಲ್ಲಿ ಭೂಗೋಳ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಮೂವತ್ತು ಚಿಲ್ಲರೆ ವರ್ಷ ಅದನ್ನೇ ಹೇಳಿಕೊಟ್ಟೆ. ಕೊಲ್ಲಿ, ಜಲಸಂಧಿ, ಭೂಶಿರ ಎಂದು ಕೋಲು ಹಿಡಿದು ನಕ್ಷೆ ಚುಚ್ಚಿದೆ. ಸಮುದ್ರವನ್ನು ಕಣ್ಣಾರೆ ಕಂಡದ್ದು ಮಾತ್ರ ನಿವೃತ್ತಿಯಾದ ಮೇಲೆ, ಗೋಕರ್ಣದಲ್ಲಿ, ಅದೂ ಸೀರೆಯ ಅಂಚು ತೋಯುವಷ್ಟು. ಮೊದಲ ಸಲ ಸಮುದ್ರ ಕಂಡಾಗ ಮನಸ್ಸು ಉಬ್ಬಿ ಬರುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಹಿಮ್ಮಡಿಯ ಬಿರುಕು ಉರಿಯಿತು, ಅಷ್ಟೇ.

ಹೋದ ತಿಂಗಳು ನನ್ನ ತಮ್ಮನ ಮಗಳು ಗಂಡನ ಜೊತೆ ಶ್ರೀಲಂಕಾ ನೋಡಿಕೊಂಡು ಬಂದಳು. ಐದು ದಿನದ ಪ್ರವಾಸ. ಬಂದವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನಿನಲ್ಲಿ ಒಂದೊಂದೇ ಫೋಟೋ ಸರಿಸುತ್ತಾ ಹೋದಳು. ಎಲ್ಲದರಲ್ಲೂ ಮುಂದೆ ಅವಳೇ. ಊರುಗಳು ಅವಳ ಕಿವಿಯ ಆಚೀಚೆ ಚೂರುಚೂರಾಗಿ ಇಣುಕುತ್ತಿದ್ದವು.

"ಅತ್ತೆ, ಇದು ಕ್ಯಾಂಡಿ."

"ಆ ಕೆರೆ ನಡುವೆ ಒಂದು ಸಣ್ಣ ನಡುಗಡ್ಡೆ ಇರಬೇಕು ನೋಡು. ನಿನ್ನ ತಲೆ ಸ್ವಲ್ಪ ಆಚೆ ಇದ್ದಿದ್ದರೆ ಕಾಣ್ತಿತ್ತು."

ಮುಂದಿನ ಫೋಟೋದಲ್ಲಿ ನಡುಗಡ್ಡೆ ಇತ್ತು. ಅವಳು ಬಾಯಿ ಬಿಟ್ಟಳು. "ನೀವು ಯಾವಾಗ ಹೋಗಿದ್ರಿ ಅತ್ತೆ?"

"ನಾನ್ಯಾಕೆ ಹೋಗ್ಲಿ? ಹಪ್ಪಳದ ಪುಟ್ಟಿಯಲ್ಲೇ ಇದೆಯಲ್ಲ."

ವಯಸ್ಸಾದವರು ಏನೋ ಅನ್ನುತ್ತಾರೆ ಎಂದು ಅವಳು ನಕ್ಕು ಮುಂದಿನ ಫೋಟೋಕ್ಕೆ ಹೋದಳು. ಅವಳು ನನ್ನನ್ನು ಅತ್ತೆ ಎಂದು ಕರೆದಾಗಲೆಲ್ಲ ನನಗೆ ಒಳಗೊಳಗೇ ಚುಚ್ಚುತ್ತದೆ ಎನ್ನುವುದು ಅವಳಿಗೆ ತಿಳಿಯದು. ನಿಮಗಾದರೂ ಹೇಳುತ್ತೇನೆ.

ಪುಟ್ಟಿ ಎಂದರೆ ನಮ್ಮ ಶಿಕಾರಿಪುರದ ಕಡೆ ಬುಟ್ಟಿ. ಇದು ಬಿದಿರಿನದಲ್ಲ, ಕಾಗದದ್ದು. ಈಗಿನವರಿಗೆ ಗೊತ್ತಿರಲಾರದು. ಹಳೆಯ ಕಾಗದಗಳನ್ನು ಹರಿದು ಮೂರು ದಿನ ನೀರಿನಲ್ಲಿ ನೆನೆಹಾಕಬೇಕು. ನೆನೆದ ಮೆಂತ್ಯ ಸೇರಿಸಿ ಒರಳಿನಲ್ಲಿ ನುಣ್ಣಗೆ ರುಬ್ಬಬೇಕು. ಆ ರೊಚ್ಚನ್ನು ಬೋರಲು ಹಾಕಿದ ಮಡಕೆಯ ಬೆನ್ನಿಗೆ ಮೆತ್ತಿ ಬಿಸಿಲಿಗಿಟ್ಟರೆ ನಾಲ್ಕೈದು ದಿನಕ್ಕೆ ಗಟ್ಟಿಯಾಗಿ ಕಳಚಿಕೊಳ್ಳುತ್ತದೆ. ಮೇಲೆ ಹುಣಸೆಬೀಜದ ಸರಿ ಬಳಿದರೆ ಹುಳ ಹಿಡಿಯುವುದಿಲ್ಲ. ನಮ್ಮ ಬೀದಿಯ ಹೆಂಗಸರೆಲ್ಲ ಬೇಸಗೆಯಲ್ಲಿ ಈ ಕೆಲಸಕ್ಕೆ ಕೂರುತ್ತಿದ್ದರು. ಕಾಗದ ಎಂದರೆ ಅವರಿಗೆ ಅದೇ ಉಪಯೋಗ, ಏಕೆಂದರೆ ಹೆಚ್ಚಿನವರಿಗೆ ಓದಲು ಬರುತ್ತಿರಲಿಲ್ಲ.

ಈ ಪುಟ್ಟಿ ಮಾಡಿದವಳು ನಮ್ಮ ಹಾಲಮ್ಮತ್ತೆ, ಅಪ್ಪನ ತಂಗಿ. ಪುಟ್ಟಿ ಮಾಡುವುದರಲ್ಲಿ ಅವಳನ್ನು ಸರಿಗಟ್ಟುವವರು ಪೇಟೆಯಲ್ಲಿ ಯಾರೂ ಇರಲಿಲ್ಲ. ಅವಳದು ಕುಂಬಳಕಾಯಿಯಂತೆ ದುಂಡಗೆ, ಮೊರದಷ್ಟು ಹಗುರ. ನನ್ನ ಕೈಯಲ್ಲಿ ಆದದ್ದು ಒಂದೇ ಒಂದು, ಅದನ್ನು ನಾಯಿಯೂ ಮೂಸಲಿಲ್ಲ.

ಅತ್ತೆಯನ್ನು ಸೊರಬದ ಕಡೆ, ಗುಡವಿಯ ಹತ್ತಿರದ ಊರಿಗೆ ಕೊಟ್ಟಿದ್ದರು. ಅವಳ ಗಂಡ ಚನ್ನವೀರಪ್ಪ ಲೋವರ್ ಸೆಕೆಂಡರಿ ಪಾಸಾದವನು. ಮಾವನಿಗೆ ಬಹುವಚನ ಕೊಡಬೇಕು, ನಾನು ಕೊಡುವುದಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಅವನು ರೈಟರಾಗಿದ್ದ; ಆಳುಗಳ ಹಾಜರಿ ಬರೆಯುವ ಕೆಲಸ. ಅವನ ದೊರೆ ಇಲ್ಲಿಯ ತೋಟ ಮಾರಿ ಸಿಲೋನಿನಲ್ಲಿ ಚಹಾ ತೋಟ ಹಿಡಿದಾಗ ಇವನೂ ಹಿಂದೆ ಹೊರಟ. ಹೆಂಡತಿಯನ್ನು ಒಂದು ವರ್ಷದ ಮಟ್ಟಿಗೆ ಎಂದು ನಮ್ಮ ಮನೆಯಲ್ಲಿ ಬಿಟ್ಟ. ಆಗ ಅವಳಿಗೆ ಇಪ್ಪತ್ತೆರಡೋ ಮೂರೋ. ನಮ್ಮ ಅವ್ವನಿಗೆ ದಮ್ಮು, ಒಲೆಯ ಮುಂದೆ ಕೂತರೆ ಉಸಿರು ಸಿಗುತ್ತಿರಲಿಲ್ಲ. ಅತ್ತೆ ಬಂದ ಮಾರನೆಯ ದಿನವೇ ಅಡುಗೆಮನೆ ಅವಳದಾಯಿತು. ಒಂದು ವರ್ಷದ ಮಟ್ಟಿಗೆ ಎಂಬ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಬೀದಿಯವರ ಬಾಯಿ ಕೇಳಬೇಕೆ. ಎದುರುಮನೆಯ ರುದ್ರಮ್ಮ ನೀರಿಗೆ ಬಂದಾಗಲೆಲ್ಲ ಒಂದು ಮಾತು ಎಸೆದೇ ಹೋಗುತ್ತಿದ್ದಳು.

"ಸೀತೆನ ಲಂಕೆಗೆ ಹೊತ್ಕಂಡು ಹೋಗಿದ್ದು ಕೇಳಿದ್ವಿ ಕಣೆ ಹಾಲಮ್ಮ. ರಾಮನೇ ಹೋಗಿ ಅಲ್ಲಿ ಕುಂತಿದ್ದು ಇದೇ ಮೊದಲು ನೋಡು."

"ಕುಂತಿಲ್ಲ ಬಿಡೆ, ದುಡೀತಾರೆ. ಕಾಗದ ಬರ್ದಾರೆ" ಎನ್ನುತ್ತಿದ್ದಳು ಅತ್ತೆ, ಮುಖ ಕೆಂಪಗೆ ಮಾಡಿಕೊಂಡು.

ಕಾಗದ ಬರುತ್ತಿದ್ದದ್ದು ನಿಜ. ತೆಳುವಾದ ನೀಲಿ ಕಾಗದ, ಅಪ್ಪನ ಅಂಗಡಿಯ ವಿಳಾಸಕ್ಕೆ. ಅಪ್ಪ ಅವನ್ನು ಅಂಗಡಿಯ ಉಳಿದ ಕಾಗದಗಳ ಹಾಗೆಯೇ ಗೋಡೆಯ ಕೊಕ್ಕೆತಂತಿಗೆ ಸಿಗಿಸಿ, ಮಧ್ಯಾಹ್ನ ಊಟಕ್ಕೆ ಬರುವಾಗ ತರುತ್ತಿದ್ದ. ಹಾಗಾಗಿ ಮಾವನ ಪ್ರೀತಿಗೆಲ್ಲ ನಡುವೆ ಒಂದು ತೂತು. ಓದುವವಳು ನಾನು. ಅಕ್ಕ ಸರೋಜ ಓದಿದರೆ ಗೊಣಗುಟ್ಟಿದಂತಿರುತ್ತಿತ್ತು, ನನ್ನದು ಗಂಟೆಯಂಥ ಗಂಟಲು. ಅತ್ತೆ ಪಾತ್ರೆ ತೊಳೆದು, ಕೈಕಾಲು ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹಿತ್ತಲ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂರುವಳು. "ಮ್ಯಾಲಿನ ಶ್ರೀಯಿಂದ ಓದು ಸುಶೀಲಿ, ಏನೂ ಬಿಡಬ್ಯಾಡ" ಎನ್ನುವಳು. ನಾನು ಓದುವೆ. ಕೊಲಂಬೊದಲ್ಲಿ ಹಡಗುಗಳು ನಿಂತಿರುವುದು, ಕ್ಯಾಂಡಿಯ ಕೆರೆಯ ನಡುವೆ ಒಂದು ನಡುಗಡ್ಡೆ ಇರುವುದು, ತೋಟದಲ್ಲಿ ಜಿಗಣೆ ಕಚ್ಚುವುದು. ಆರು ಕಾಗದ ಹೀಗೆ ಬಂದವು.

ಏಳನೆಯದು ಬಂದಾಗ ನಾನು ನಾಲ್ಕನೇ ಕ್ಲಾಸು. ಊರಿನ ಕೆರೆ ಕೋಡಿ ಬಿದ್ದ ವರ್ಷ, ನಾಗರಪಂಚಮಿ ಇನ್ನೂ ಬಂದಿರಲಿಲ್ಲ. ಅಪ್ಪ ಊಟಕ್ಕೆ ಬಂದವನು ನೇರ ಕಾಳಿನ ಕೋಣೆಗೆ ಹೋಗಿ ನನ್ನನ್ನು ಕರೆದ. ಕಾಗದ ಬಿಡಿಸಿ, ಬೆರಳಿಟ್ಟು ತೋರಿಸಿದ.

"ಇಲ್ಲಿಂದ ಇಲ್ಲಿ ತನಕ ಓದಬ್ಯಾಡ."

ನಾನು ಕಣ್ಣಲ್ಲೇ ಓದಿದೆ. ಅಲ್ಲಿ ಇದ್ದದ್ದು ಇಷ್ಟು: ನಾನು ಇಲ್ಲಿಯೇ ಮನೆ ಮಾಡಿಕೊಂಡಿದ್ದೇನೆ, ಒಂದು ಗಂಡು ಮಗುವಾಗಿದೆ, ಹಾಲಮ್ಮ ನನ್ನ ದಾರಿ ಕಾಯುವುದು ಬೇಡ, ಅವಳಿಗೆ ಹೇಗೆ ಅನುಕೂಲವೋ ಹಾಗೆ ತಾವು ಮಾಡಬಹುದು. ಬೆರಳಿನ ಮೇಲೆ ಉಳಿದದ್ದು 'ಕ್ಷೇಮ', ಕೆಳಗೆ ಉಳಿದದ್ದು ಸಹಿ.

"ಅಪ್ಪಾ, ಮತ್ತೆ ಏನ್ ಓದ್ಲಿ?"

"ಏನಾರ ಓದು. ಆ ಊರು, ಈ ಊರು. ಸರೋಜಿಗೆ ಗಂಡು ನೋಡ್ತಿದೀವಿ, ಮನೆಯಾಗೆ ಗಂಡ ಬಿಟ್ಟಾಕಿ ಅದಾಳೆ ಅಂತ ಸುದ್ದಿ ಹೊರಗ್ ಹೋದ್ರೆ ಯಾರ್ ಬರ್ತಾರೆ? ಒಂದ್ ನಾಕ್ ದಿನದ್ ಮಾತು."

ದೊಡ್ಡವರ ನಾಲ್ಕು ದಿನ ಎಷ್ಟು ಉದ್ದವೆಂದು ಅಂದು ನನಗೆ ಗೊತ್ತಿರಲಿಲ್ಲ. ನಾನು ಜಗಲಿಗೆ ಹೋಗಿ ಕೂತೆ. ಅತ್ತೆ ವಿಭೂತಿ ಹಚ್ಚಿಕೊಂಡು ಬಂದು ಕೂತಳು. ನನ್ನ ತಲೆಯೊಳಗೆ ಏನೂ ಇರಲಿಲ್ಲ. ಇದ್ದದ್ದು ಸರೋಜಕ್ಕ ಬೆಳಿಗ್ಗೆ ಕಿರುಚಿ ಕಿರುಚಿ ಬಾಯಿಪಾಠ ಮಾಡಿದ್ದ ಭೂಗೋಳ ಮಾತ್ರ. ಗಂಟಲು ಸರಿಮಾಡಿಕೊಂಡು ಓದಿದೆ:

"ಶ್ರೀ. ನಾನು ಕ್ಷೇಮ. ಸಿಂಹಳವು ಮಾವಿನಕಾಯಿಯ ಆಕಾರದ ಒಂದು ದ್ವೀಪ. ಇದರ ಸುತ್ತಲೂ ನೀರಿದೆ. ನುವಾರ ಎಲಿಯವು ತಂಪಾದ ಹವೆಗೂ ಚಹಾ ತೋಟಗಳಿಗೂ ಹೆಸರಾದುದು. ನಿನ್ನ ಕ್ಷೇಮಕ್ಕೆ ಬರೆಯುವುದು."

ಅತ್ತೆ ಹುಣಸೆಹಣ್ಣು ಕೆಳಗಿಟ್ಟಳು. "ಎಷ್ಟ್ ಚಂದ ಬರ್ದಾರೆ ನೋಡೆ. ಗ್ರಂಥದಾಗೆ ಇದ್ದಂಗೈತೆ. ಇನ್ನೊಂದ್ ಸಲ ಓದು."

ಎರಡನೆಯ ಸಲವೂ ಒಂದಕ್ಷರ ತಪ್ಪದೆ ಓದಿದೆ. ಅಂದಿನ ನನ್ನ ಜಂಬ ನೆನೆದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಮಾವನಿಂದ ಆಮೇಲೆ ಕಾಗದ ಬರಲೇ ಇಲ್ಲ. ಆದರೆ ಎರಡು ತಿಂಗಳಿಗೊಮ್ಮೆ ಅತ್ತೆ ಸಪ್ಪಗಾದಾಗ ಅಪ್ಪ ತಂತಿಯಿಂದ ಆ ಏಳರಲ್ಲಿ ಒಂದನ್ನು ಕಿತ್ತು ತರುತ್ತಿದ್ದ. ನಾನು ಅದನ್ನು ಮುಖದ ಮುಂದೆ ಹಿಡಿದು ಭೂಗೋಳ ಓದುತ್ತಿದ್ದೆ. ಓದಿದ ಮೇಲೆ ಕಾಗದ ಮತ್ತೆ ಅಂಗಡಿಯ ತಂತಿಗೆ. ಅತ್ತೆ ಹೇಳಿ ಬರೆಸಿದ ಉತ್ತರಗಳನ್ನು ಟಪಾಲಿಗೆ ಹಾಕುತ್ತೇನೆಂದು ಅಪ್ಪ ಜೇಬಿಗಿಟ್ಟುಕೊಳ್ಳುತ್ತಿದ್ದ. ಆ ಜೇಬಿನಿಂದ ಅವು ಎಲ್ಲಿಗೆ ಹೋದವೋ ನನಗೆ ತಿಳಿಯದು.

ಸರೋಜಕ್ಕನ ಪುಸ್ತಕದಲ್ಲಿ ಸಿಂಹಳಕ್ಕೆ ಇದ್ದದ್ದು ನಾಲ್ಕೇ ಪುಟ. ಜಿಪುಣರ ಮನೆಯ ತುಪ್ಪದಂತೆ ಅದನ್ನು ಹನಿಹನಿಯಾಗಿ ಬಡಿಸಿದೆ. ಒಂದು ಕಾಗದಕ್ಕೆ ತ್ರಿಂಕೋಮಲಿಯ ಬಂದರು, ಒಂದಕ್ಕೆ ರತ್ನಪುರದ ರತ್ನಗಳು, ಒಂದಕ್ಕೆ ಜಾಫ್ನಾದ ತಾಳೆಮರ, ಒಂದಕ್ಕೆ ಗಾಲೆಯ ಕೋಟೆ. ಆದರೂ ಎರಡನೆಯ ಮಳೆಗಾಲದ ಹೊತ್ತಿಗೆ ಪಾಠ ಮುಗಿದುಹೋಯಿತು. ಆಗ ಮುಂದಿನ ಪುಟದಲ್ಲಿದ್ದ ಬರ್ಮಾಕ್ಕೆ ಕೈ ಹಾಕಿದೆ. "ಇಲ್ಲಿ ತೇಗದ ಕಾಡುಗಳು ವಿಶೇಷ. ಆನೆಗಳು ದಿಮ್ಮಿಗಳನ್ನು ಎಳೆದು ತಂದು ಐರಾವತಿ ನದಿಯಲ್ಲಿ ತೇಲಿಬಿಡುತ್ತವೆ" ಎಂದು ಓದಿ ಇಡೀ ನದಿಯನ್ನೇ ಎತ್ತಿ ಮಾವನ ದ್ವೀಪದೊಳಗೆ ಹರಿಸಿಬಿಟ್ಟೆ. ಅತ್ತೆಗೆ ಆ ನದಿ ಬಹಳ ಇಷ್ಟವಾಯಿತು. "ಪಾಪ, ಆನೆ ಕೈಲಿ ಕೆಲಸ ಮಾಡಿಸ್ತಾರಂತೆ" ಎಂದು ಎರಡು ದಿನ ಮರುಗಿದಳು.

ಹೀಗೆ ಓದು ಬಾರದ ನಮ್ಮತ್ತೆಗೆ ಒಂದು ದ್ವೀಪ ಅಂಗೈಯ ಗೆರೆಯಷ್ಟು ಪರಿಚಯವಾಯಿತು. ಬೀದಿಯ ಹೆಂಗಸರಿಗೆ ಅವಳೇ ಅದನ್ನು ಪರಿಚಯ ಮಾಡಿಸುತ್ತಿದ್ದಳು, ಒಳಕಲ್ಲಿನ ಮುಂದೆ ಕೂತು, ನಮ್ಮ ಸೀಮೆಯ ಅಳತೆಯಲ್ಲೇ. ಕೊಲಂಬೊ ಎಂದರೆ ನಮ್ಮ ಶಿಕಾರಿಪುರದ ಪೇಟೆ, ಸಂತೆಯ ದಿನ ಎಷ್ಟು ಗಲಾಟೆಯೋ ಅಲ್ಲಿ ದಿನಾ ಅಷ್ಟು. ನುವಾರ ಎಲಿಯ ಎಂದರೆ ಚಂದ್ರಗುತ್ತಿ ಗುಡ್ಡದ ನೆತ್ತಿ, ಅಲ್ಲಿ ಕಂಬಳಿ ಇಲ್ಲದಿದ್ದರೆ ಆಗದು. ಕ್ಯಾಂಡಿ ಎಂದರೆ ಗುಡವಿಯ ಕೆರೆ. ನೀರ ನಡುವಿನ ಗಿಡಗಳಲ್ಲಿ ಹೇಗೆ ಬೆಳ್ಳಕ್ಕಿ ಕೂರುತ್ತವೋ ಹಾಗೆ ಅಲ್ಲಿ ನಡುಗಡ್ಡೆ. ಹೊಸ ಮದುವೆಯಲ್ಲಿ ಮಾವ ಅವಳನ್ನು ಗುಡವಿಯ ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ ಹಕ್ಕಿ ತೋರಿಸಿದ್ದನಂತೆ. ಅದಕ್ಕೇ ಅವನು ಕ್ಯಾಂಡಿಯ ಸುದ್ದಿ ಬರೆದದ್ದು ಎಂದು ಅವಳು ನಂಬಿದ್ದಳು. ಅದೊಂದು ಸಾಲು ನಿಜವಾಗಿಯೂ ಅವನದೇ ಆಗಿತ್ತು, ಆ ಪುಣ್ಯ ಅವನಿಗೆ ಸಲ್ಲಲಿ.

ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅವಳಂತೆ ಒಬ್ಬಳಿಗೂ ಒಂದು ದೇಶವನ್ನು ಹತ್ತಿರ ತಂದುಕೊಡಲು ನನ್ನಿಂದ ಆಗಲಿಲ್ಲ.

ಈಗ ಕುಪ್ಪಗಡ್ಡೆಯ ನಿಂಗಪ್ಪರ ವಿಷಯ. ಇವರಿಗೆ ಬಹುವಚನ ಕೊಡುತ್ತೇನೆ. ಸೊರಬ ತಾಲ್ಲೂಕಿನಿಂದ ಅಪ್ಪನ ಅಂಗಡಿಗೆ ಗಾಡಿಯಲ್ಲಿ ಭತ್ತ ತರುತ್ತಿದ್ದ ರೈತರು. ಹೆಂಡತಿ ತೀರಿಹೋಗಿ ಎರಡು ವರ್ಷವಾಗಿತ್ತು. ಮಾತು ಕಡಿಮೆ. ಬಂದಾಗ ನಮ್ಮ ಮನೆಯಲ್ಲೇ ಊಟ, ಉಂಡೆದ್ದು "ಹೊಟ್ಟೆ ತುಂಬ್ತು ಕಣವ್ವ" ಎಂದು ಅಡುಗೆಮನೆಯ ಕಡೆ ನೋಡದೆ ಹೇಳಿ ಹೋಗುವವರು. ನನಗೆಂದು ಪಂಚೆಯ ತುದಿಯಲ್ಲಿ ಎಳೆ ಸೌತೆಕಾಯಿ ಕಟ್ಟಿಕೊಂಡು ಬರುತ್ತಿದ್ದರು.

ನಮ್ಮ ಕಡೆ ಉಡಿಕೆ ಎಂದು ಒಂದು ಪದ್ಧತಿ. ಗಂಡ ಸತ್ತವಳಿಗೂ ಗಂಡ ಬಿಟ್ಟವಳಿಗೂ ಹೊಸ ಸೀರೆ ಉಡಿಸಿ, ಹಿರಿಯರ ಎದುರು ಇನ್ನೊಬ್ಬರ ಮನೆ ತುಂಬಿಸುವುದು. ಹೊಲಮನೆಯವರು ಅದನ್ನು ಸಹಜವಾಗಿ ಮಾಡುತ್ತಿದ್ದರು. ಅಪ್ಪನಂತೆ ಪೇಟೆಯಲ್ಲಿ ಗದ್ದಿಗೆ ಹಾಕಿ ಕೂತವರಿಗೆ ಮಾತ್ರ ಅದು ನಾಚಿಕೆಯ ವಿಷಯವಾಗತೊಡಗಿತ್ತು. ಚನ್ನವೀರಪ್ಪ ಸಿಲೋನಿನಲ್ಲಿ ಸಂಸಾರ ಹೂಡಿದ ಸುದ್ದಿ ಸೊರಬದ ಕಡೆ ಹೇಗೋ ತಲುಪಿತ್ತು. ಅದನ್ನು ಕೇಳಿಯೇ ನಿಂಗಪ್ಪ ಒಬ್ಬ ಹಿರಿಯರನ್ನು ಕರೆದುಕೊಂಡು ಅತ್ತೆಯನ್ನು ಉಡಿಕೆಗೆ ಕೇಳಲು ಬರುತ್ತೇವೆಂದು ಹೇಳಿಕಳುಹಿಸಿದರು. ಅದು ಆ ಏಳನೆಯ ಕಾಗದ ಬಂದ ಮೇಲಿನ ಶಿವರಾತ್ರಿಯ ಆಸುಪಾಸು.

ಅವರು ಬರುವ ಹಿಂದಿನ ದಿನ ಅಪ್ಪ ಊಟಕ್ಕೆ ಬರುವಾಗ ನೀಲಿ ಕಾಗದ ತಂದ. ಸುಮ್ಮನೆ ನನ್ನ ಕೈಗೆ ಕೊಟ್ಟ. ಏನೂ ಹೇಳಿಕೊಡಲಿಲ್ಲ.

"ಶ್ರೀ. ನಾನು ಕ್ಷೇಮ. ಮಹಾವೇಲಿ ಗಂಗೆಯು ಈ ದ್ವೀಪದ ಅತ್ಯಂತ ಉದ್ದವಾದ ನದಿ" ಎಂದು ಶುರುಮಾಡಿದೆ. ಅತ್ತೆಯ ಮುಖ ಅಂದು ಬಹಳ ಬಾಡಿತ್ತು. ಬೀದಿಯಲ್ಲಿ ಯಾರೋ ಏನೋ ಅಂದಿರಬೇಕು. ನನಗೆ ಅವಳು ನಗಬೇಕಾಗಿತ್ತು. ಅದಕ್ಕೆ ನದಿಯ ಕೊನೆಗೆ ಒಂದು ಸಾಲು ಸೇರಿಸಿದೆ.

"ಬರುವ ವರ್ಷ ಖಂಡಿತ ಬರುತ್ತೇನೆ."

ಇದು ಅಪ್ಪನದಲ್ಲ, ಪುಸ್ತಕದ್ದೂ ಅಲ್ಲ. ಇದು ನನ್ನದು. ಅವಳು ನಕ್ಕಳು. ನನ್ನನ್ನು ಎಳೆದು ತಲೆಗೆ ಮುತ್ತಿಟ್ಟಳು, ಅವಳ ಕೈಯ ಹುಣಸೆಹಣ್ಣೆಲ್ಲ ನನ್ನ ಕೂದಲಿಗೆ ಅಂಟಿತು.

ಮಾರನೆಯ ದಿನ ನಿಂಗಪ್ಪ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತರು. ಜೊತೆಗೆ ಬಂದ ಹಿರಿಯರು ಮಾತೆತ್ತಿದರು. ಅಪ್ಪ ಬಲು ನ್ಯಾಯವಂತನಂತೆ, "ನಂದೇನೈತಿ ಇದರಾಗೆ, ಅವಳನ್ನೇ ಕೇಳ್ರಿ" ಎಂದ. ಅತ್ತೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಹೇಳಿದಳು, ಧ್ವನಿ ಒಂದಿಷ್ಟೂ ನಡುಗದೆ.

"ನಮ್ಮನೆಯವರು ಬರೋ ವರ್ಷ ಬರ್ತೀನಿ ಅಂತ ಬರ್ದಾರೆ. ನಿನ್ನೆ ಕಾಗದ ಬಂದೈತೆ. ಇಂಥಾ ಮಾತು ನನ್ನ ಹತ್ರ ಆಡಬ್ಯಾಡ್ರಿ."

ನಿಂಗಪ್ಪ ಸ್ವಲ್ಪ ಹೊತ್ತು ಕಂಬಳಿಯ ಎಳೆ ಸವರಿದರು. "ಕಾಗದ ಬರ್ತಾವೆ ಅಂದ್ರೆ ನಾವ್ ಕೇಳಿದ್ ಸುದ್ದಿ ಸುಳ್ಳಿರಬೇಕು ಬಿಡ್ರಿ. ನಮಗೆ ಗೊತ್ತಿರ್ಲಿಲ್ಲ. ತಪ್ಪಾತು" ಎಂದು ಎದ್ದರು. ಮುಂದಿಟ್ಟ ಮಜ್ಜಿಗೆ ಹಾಗೇ ಇತ್ತು. ನಾನು ಹೊಸ್ತಿಲ ಬಳಿಯೇ ನಿಂತಿದ್ದೆ, ಬಾಯಲ್ಲಿ ಅವರೇ ತಂದಿದ್ದ ಸೌತೆಕಾಯಿ. ಯುಗಾದಿ ಕಳೆದ ಮೇಲೆ ಅವರು ಸೊರಬದ ಕಡೆಯ ಇನ್ನೊಬ್ಬಳನ್ನು ಉಡಿಕೆ ಮಾಡಿಕೊಂಡರೆಂದು ಸುದ್ದಿ ಬಂತು. ಅತ್ತೆ "ಒಳ್ಳೇದಾತು, ಒಳ್ಳೆ ಮನುಷ್ಯ" ಎಂದಳು.

ಸರೋಜಕ್ಕನ ಮದುವೆಯಾಯಿತು. ನಾಲ್ಕು ದಿನದ ಮಾತು ಮೂರನೆಯ ವರ್ಷಕ್ಕೆ ಬಂತು. ಬರುವ ವರ್ಷ ಬಂದು ಹೋಯಿತು. "ತೋಟದ ಕೆಲಸ ಬಿಡದಂತೆ" ಎಂದು ಅಪ್ಪನೇ ಒಂದು ಸಬೂಬು ಹೇಳಿದ. ಅಡುಗೆಮನೆ ನಡೆಯುತ್ತಿತ್ತು, ಯಾರಿಗೆ ಅವಸರ?

ಸರೋಜಕ್ಕನ ಅದೇ ಪುಸ್ತಕ ಈಗ ನನ್ನ ಕ್ಲಾಸಿಗೆ ಬಂದಿತ್ತು. ಮಾಘಮಾಸದಲ್ಲಿ ಶಾಲೆಗೆ ಇನ್ಸ್‌ಪೆಕ್ಟರು ಬರುತ್ತಾರೆಂದು ಗೊತ್ತಾಗಿ, ಭೂಗೋಳದ ಮೇಷ್ಟ್ರು ಕಾಗದದ ರೊಚ್ಚಿನಲ್ಲಿ ಸಿಂಹಳದ ಉಬ್ಬು ನಕ್ಷೆ ಮಾಡಿ ತರುವ ಕೆಲಸವನ್ನು ನನಗೆ ಹಚ್ಚಿದರು. ನಮ್ಮ ಮನೆಯ ಪುಟ್ಟಿಗಳ ಖ್ಯಾತಿ ಅಲ್ಲಿಯವರೆಗೂ ಹೋಗಿತ್ತು. ಅತ್ತೆಗೆ ಹೇಳಿದ್ದೇ ತಡ, ಹಬ್ಬ ಬಂದಂತಾಯಿತು. ಅಂಗಡಿಯ ಹಳೇ ಕಾಗದವನ್ನೆಲ್ಲ ನೆನೆಹಾಕಿ, ಮೆಂತ್ಯ ಹಾಕಿ ರುಬ್ಬಿ, ಹಲಗೆಯ ಮೇಲೆ ಮೊಳದುದ್ದದ ಮಾವಿನಕಾಯಿ ಮೆತ್ತಿದಳು. ನಡುವೆ ಗುಡ್ಡ ಎಬ್ಬಿಸಿದಳು. ನೀಲಿ ಕಲಸಿ ಮಹಾವೇಲಿ ಗಂಗೆ ಎಳೆದಳು. ಅದರ ಪಕ್ಕದಲ್ಲಿ ಇನ್ನೊಂದು ನದಿ ಎಳೆದು ದಡದಲ್ಲಿ ಹೆಸರುಕಾಳಿನಷ್ಟು ಎರಡು ಆನೆ ನಿಲ್ಲಿಸಿದಳು.

"ಇದು ಬ್ಯಾಡ ಅತ್ತೆ" ಎಂದೆ ನಾನು.

"ಯಾಕ್ ಬ್ಯಾಡ? ಐರಾವತಿ. ಅವರೇ ಬರ್ದಾರಲ್ಲ."

ನಾನು ಬೀಳಿಸಿಬಿಡುತ್ತೇನೆಂದು ಹಲಗೆಯನ್ನು ಅವಳೇ ಸಿಂಬಿ ಇಟ್ಟುಕೊಂಡು ತಲೆಯ ಮೇಲೆ ಹೊತ್ತು ಶಾಲೆಗೆ ತಂದಳು. ಮೇಷ್ಟ್ರು ಹಿಗ್ಗಿದರು. ಆಮೇಲೆ ಕನ್ನಡಕ ಏರಿಸಿ ಕೇಳಿದರು.

"ಇದ್ಯಾವ್ದಮ್ಮ ಈ ನದಿ?"

"ಐರಾವತಿ ರೀ."

"ಅದು ಬರ್ಮಾದ್ದಲ್ವೇನಮ್ಮ?"

"ಇಲ್ರೀ. ನಮ್ಮನೆಯವರು ಅಲ್ಲೇ ಅದಾರ್ರೀ. ಅವರೇ ಕಾಗದದಾಗೆ ಬರ್ದಾರೆ."

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ನನ್ನ ಕಾಲಿನ ಹೆಬ್ಬೆರಳು ನೋಡಿಕೊಂಡೆ. ಅಷ್ಟರಲ್ಲಿ ಇನ್ಸ್‌ಪೆಕ್ಟರು ಬಂದರೆಂದು ಗಂಟೆ ಹೊಡೆಯಿತು. ಅತ್ತೆ ಹೊರಗೆ ಹೋಗಿ, ತನ್ನ ನಕ್ಷೆ ನೋಡಿ ಸಾಹೇಬರು ಏನೆನ್ನುತ್ತಾರೋ ಕೇಳಬೇಕೆಂದು ಕಿಟಕಿಯ ಬಳಿ ನಿಂತಳು.

ಸಾಹೇಬರು ನಕ್ಷೆ ನೋಡಿ "ಭೇಷ್" ಎಂದು ಕುರ್ಚಿಯ ಮೇಲೆ ಕೂತರು. ಮೇಷ್ಟ್ರು ಕೋಲು ತಟ್ಟಿದರು. ನಲವತ್ತು ಹುಡುಗಿಯರು ಒಂದೇ ಗಂಟಲಲ್ಲಿ ಶುರುಮಾಡಿದೆವು.

"ಸಿಂಹಳವು ಮಾವಿನಕಾಯಿಯ ಆಕಾರದ ಒಂದು ದ್ವೀಪ. ಇದರ ಸುತ್ತಲೂ ನೀರಿದೆ."

ನಾನು ಕಿಟಕಿಯ ಕಡೆ ನೋಡಬಾರದೆಂದುಕೊಂಡೆ. ನೋಡಿದೆ. ಅತ್ತೆಯ ಮುಖ ಅರಳಿತ್ತು. ಗಂಡ ಬರೆದ ಮಾತನ್ನು ಸರ್ಕಾರದ ಶಾಲೆಯಲ್ಲೂ ಹೇಳಿಕೊಡುತ್ತಾರೆ ಎಂದುಕೊಂಡಳೋ ಏನೋ. ನುವಾರ ಎಲಿಯ ಬಂತು, ತ್ರಿಂಕೋಮಲಿ ಬಂತು, ರತ್ನಪುರ ಬಂತು. ಸರಳಿನ ಆಚೆ ಅವಳ ತುಟಿ ನಮ್ಮ ಜೊತೆಗೇ ಆಡುತ್ತಿತ್ತು, ಒಂದಕ್ಷರ ಹಿಂದುಮುಂದಾಗದೆ. ಮಹಾವೇಲಿ ಗಂಗೆಯ ಸಾಲು ಮುಗಿದಾಗ ಅವಳು ಮುಂದಿನದಕ್ಕೆ ಒಂದು ಚೂರು ಕಾದಳು. ಬರುವ ವರ್ಷ ಬರುತ್ತೇನೆ ಎಂಬುದು ಬರಲಿಲ್ಲ.

ಸಾಹೇಬರು ಕೈಯೆತ್ತಿ, "ಸಾಕು, ಮುಂದಿನ ಪಾಠ" ಎಂದರು.

"ಬರ್ಮಾ ದೇಶದಲ್ಲಿ ತೇಗದ ಕಾಡುಗಳು ವಿಶೇಷ. ಆನೆಗಳು ದಿಮ್ಮಿಗಳನ್ನು ಎಳೆದು ತಂದು ಐರಾವತಿ ನದಿಯಲ್ಲಿ..."

ಆ ಗಂಟೆಯಂಥ ಗಂಟಲು ಅಂದು ನನಗೆ ಕೈಕೊಟ್ಟಿತು. ಮೂವತ್ತೊಂಬತ್ತು ಹುಡುಗಿಯರು ಹೇಳುತ್ತಲೇ ಇದ್ದರು. ಅತ್ತೆಯ ತುಟಿ ನಿಂತಿತ್ತು. ಅವಳು ನಲವತ್ತು ತಲೆಗಳ ನಡುವೆ ನನ್ನೊಬ್ಬಳನ್ನೇ ನೋಡುತ್ತಿದ್ದಳು. ಆಮೇಲೆ ಸಿಂಬಿಯ ಬಟ್ಟೆ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದಳು.

ಮಧ್ಯಾಹ್ನ ನಾನು ಮನೆಗೆ ಬಂದಾಗ ಅಪ್ಪ ಉಣ್ಣಲು ಕೂತಿದ್ದ. ಅತ್ತೆ ಬಡಿಸುತ್ತಿದ್ದಳು. ಅವಳು ಮೊದಲೇ ಅಂಗಡಿಗೆ ಹೋಗಿ ತಂತಿಯಿಂದ ನೀಲಿ ಕಾಗದಗಳನ್ನೆಲ್ಲ ತಾನೇ ಕಿತ್ತು ತಂದಿದ್ದಳೆಂದು ಆಮೇಲೆ ಗೊತ್ತಾಯಿತು. ಅವು ಅವಳ ಮಡಿಲಲ್ಲಿದ್ದವು.

"ಏಳೇ ಅದಾವೆ" ಎಂದಳು. "ನಾನು ಕೇಳಿದ್ದು ಭಾಳ ಇದ್ವಲ್ಲ. ಸುಶೀಲಿ, ಇದರಾಗೆ ಕಡೇದು ಯಾವ್ದು?"

ತೋರಿಸಿದೆ.

"ಓದು. ಬರ್ದಿದ್ದನ್ನ ಓದು."

ಓದಿದೆ. ಮನೆ ಮಾಡಿಕೊಂಡದ್ದು, ಗಂಡು ಮಗು, ದಾರಿ ಕಾಯುವುದು ಬೇಡ ಎಂದದ್ದು. ಅಪ್ಪನ ಕೈ ತಟ್ಟೆಯಲ್ಲೇ ನಿಂತಿತ್ತು. ಅವ್ವ ಒಳಗೆ ಕೆಮ್ಮುತ್ತಿದ್ದಳು. ಅತ್ತೆ ಅಳಲಿಲ್ಲ. ಅವಳು ಕೇಳಿದ್ದು ಒಂದೇ.

"ಯಾವತ್ತು ಬರ್ದಿದ್ದು? ತಾರೀಖು ಐತೇನು?"

ಹೇಳಿದೆ.

"ಅಂದ್ರೆ ಕೆರೆ ಕೋಡಿ ಬಿದ್ದ ವರ್ಷ. ಪಂಚಮಿ ಮುಂದೆ." ಅವಳು ಬೆರಳ ಗೆಣ್ಣು ಎಣಿಸಿದಳು. "ನಿಂಗಪ್ಪ ಬಂದಿದ್ದು ಅದರ ಮೇಲಿನ ಶಿವರಾತ್ರಿಗೆ."

"ನಿನ್ನ ಒಳ್ಳೇದಕ್ಕೇ ಮಾಡಿದ್ದು ಹಾಲಮ್ಮ" ಎಂದ ಅಪ್ಪ.

"ಅನ್ನ ಆರತೈತೆ, ಉಣ್ಣಣ್ಣ" ಎಂದಳು ಅವಳು.

ಆಮೇಲೆ ಒಂದೊಂದೇ ಕಾಗದ ಎತ್ತಿ ನನ್ನ ಮುಂದೆ ಹಿಡಿದಳು. "ಬರೋ ವರ್ಷ ಬರ್ತೀನಿ ಅಂತ ಇದರಾಗೆ ಐತೇನು?" ಇಲ್ಲ ಎಂದೆ. "ಇದರಾಗೆ?" ಇಲ್ಲ. "ಇದರಾಗೆ?" ಏಳು ಸಲ ಕೇಳಿದಳು, ಏಳು ಸಲ ಇಲ್ಲ ಎಂದೆ. ಅಪ್ಪನ ಕಡೆ ತಿರುಗಿದಳು. ಅವನು ತಲೆಯಾಡಿಸಿದ, ಪಾಪ, ಆ ಒಂದು ವಿಷಯದಲ್ಲಿ ಅವನು ನಿರಪರಾಧಿ.

"ಹಂಗಾರೆ ಅದು ನಿಂದು" ಎಂದಳು ನನಗೆ.

ಅದರಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದರೆ ಒಂದು ಏಟು ತಿಂದು ಮುಗಿಸಿಕೊಳ್ಳುತ್ತಿದ್ದೆ. ನಾಲ್ಕನೇ ಕ್ಲಾಸಿನ ಹುಡುಗಿಗೆ ಏನು ತಿಳಿಯುತ್ತದೆ ಎಂದು ನೀವು ಹೇಳಬಹುದು. ಎಷ್ಟೋ ವರ್ಷ ನಾನೂ ಹಾಗೇ ಹೇಳಿಕೊಂಡೆ. ಪ್ರಯೋಜನವಾಗಲಿಲ್ಲ.

ಬೇಸಗೆಯಲ್ಲಿ ಅವಳು ಆ ಏಳು ಕಾಗದಗಳನ್ನು ಹರಿದು ನೀರಿಗೆ ಹಾಕಿದಳು. ಪುಟ್ಟಿಗೆ ಅವು ಸಾಲುತ್ತಿರಲಿಲ್ಲ. ನನ್ನ ಪರೀಕ್ಷೆ ಮುಗಿದಿತ್ತು. ಗೂಡಿನಲ್ಲಿದ್ದ ಭೂಗೋಳದ ಪುಸ್ತಕವನ್ನು ತೆಗೆದು ಅದನ್ನೂ ಹಾಳೆ ಹಾಳೆಯಾಗಿ ಹರಿದು ಅದೇ ನೀರಿಗೆ ಹಾಕಿದಳು. "ಎಲ್ಲಾ ಅವರದೇ ಅಲ್ವ" ಎಂದಳು, ಯಾರಿಗೂ ಅಲ್ಲ. ಮೆಂತ್ಯ ಹಾಕಿ ರುಬ್ಬಿದಳು. ನಾನು ನೀರು ಹಾಕಲು ಹೋದೆ, ಕೈಯಿಂದ ಚೊಂಬು ತೆಗೆದುಕೊಂಡಳು. ಶಾಲೆಯಲ್ಲಿದ್ದ ಉಬ್ಬು ನಕ್ಷೆಯನ್ನು ಮೆಂತ್ಯದ ವಾಸನೆಗೆ ಇಲಿಗಳು ಮುಂದಿನ ಮಳೆಗಾಲದೊಳಗೆ ತಿಂದು ಮುಗಿಸಿದವು, ಮೊದಲು ಐರಾವತಿ, ಆಮೇಲೆ ಉಳಿದದ್ದು. ಪುಟ್ಟಿ ಮಾತ್ರ ಉಳಿಯಿತು.

ಅತ್ತೆ ಎಲ್ಲಿಗೂ ಹೋಗಲಿಲ್ಲ. ಹೋಗುವ ಜಾಗ ಇನ್ನೊಬ್ಬಳಿಗೆ ಆಗಿಹೋಗಿತ್ತಲ್ಲ. ನಮ್ಮ ಮನೆಯಲ್ಲೇ ಇದ್ದಳು, ಅಡುಗೆ ಮಾಡಿದಳು, ಅವ್ವನ ಬಾಣಂತನ ಮಾಡಿದಳು, ನನ್ನ ತಮ್ಮನನ್ನು ಎತ್ತಿ ಆಡಿಸಿದಳು. ನನ್ನ ಜೊತೆ ಮಾತು ಬಿಟ್ಟಳೆಂದೂ ಅಲ್ಲ. ಉಪ್ಪು, ಹುಳಿ, ನೀರು ಕಾದಿದೆ, ಎಲ್ಲ ಮಾತೂ ಇತ್ತು. ಆದರೆ ಓದಲು ಬರುವ ವಸ್ತು ಯಾವುದನ್ನೂ ಮತ್ತೆ ನನ್ನ ಕೈಗೆ ಕೊಡಲಿಲ್ಲ. ಮದುವೆ ಕಾರ್ಡು ಬಂದರೂ ಮಡಿಲಲ್ಲಿಟ್ಟುಕೊಂಡು ಬೀದಿಯಲ್ಲಿ ಟಪಾಲಿನವನು ಬರುವ ತನಕ ಕಾದು ಅವನ ಹತ್ತಿರ ಓದಿಸಿಕೊಳ್ಳುತ್ತಿದ್ದಳು. ಆ ಹೊತ್ತಿಗೆ ನಾನು ಟ್ರೈನಿಂಗ್ ಮುಗಿಸಿ ಮೇಡಂ ಆಗಿದ್ದೆ. ಊರಿನ ಮಕ್ಕಳೆಲ್ಲ ನನ್ನ ಬಾಯಿಂದ ಬಂದದ್ದನ್ನು ಬರೆದುಕೊಳ್ಳುತ್ತಿದ್ದರು.

ಅವಳು ತೀರಿಕೊಂಡಾಗ ನಾನು ಬೇರೆ ಊರಿನ ಶಾಲೆಯಲ್ಲಿದ್ದೆ. ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಮ್ಮ ಈ ಪುಟ್ಟಿಯನ್ನು ತಂದು ನನ್ನ ಮುಂದೆ ಇಟ್ಟ. ಹುಣಸೆಸರಿ ಬಳಿದಲ್ಲೆಲ್ಲ ಹೊಳೆಯುತ್ತಿತ್ತು. ಅಲ್ಲಲ್ಲಿ ನೀಲಿ, ಅಲ್ಲಲ್ಲಿ ಅಚ್ಚಿನ ಕಪ್ಪು, ಯಾವುದು ಯಾರದೆಂದು ಬಿಡಿಸಲಾಗದಂತೆ ಬೆರೆತಿದ್ದವು.

"ಇದನ್ನ ನಿಂಗೇ ಕೊಡಬೇಕಂತೆ" ಎಂದ ತಮ್ಮ. ಅವನಿಗೆ ಹಿಂದಿನದೇನೂ ಗೊತ್ತಿರಲಿಲ್ಲ. "ಕಡೇ ತನಕ ನೆನಪು ಇಟ್ಕಂಡಿದ್ಲು ನೋಡು ಅತ್ತೆ. ಸುಶೀಲಿಗೆ ಕೊಡ್ರಿ, ಅವಳಿಗೆ ಓದಕೆ ಬರ್ತೈತೆ, ಅಂದ್ಲು."